ಮನೆಯ ಕಂಪ್ಯೂಟರ್ ಪಾಸ್‌ವರ್ಡ್ ಕೇಳದೆ ತೆರೆದುಕೊಳ್ಳಬೇಕೇ? ಪಾಸ್‌ವರ್ಡ್ ಉಳಿಸಿಕೊಂಡೇ ಮಾಡುವ ಸಮಗ್ರ ಮಾರ್ಗದರ್ಶಿ

ಮನೆಯ ಮೂಲೆಯ ಮೇಜು ಬಿಟ್ಟು ಕದಲದ ಕಂಪ್ಯೂಟರ್. ಬಳಸುವವರು ಒಬ್ಬರೋ ಇಬ್ಬರೋ. ಆದರೂ ಆನ್ ಮಾಡಿದಾಗೊಮ್ಮೆ, ಹತ್ತು ನಿಮಿಷ ಎದ್ದು ಹೋಗಿ ಬಂದಾಗೊಮ್ಮೆ ಅದು ಪಾಸ್‌ವರ್ಡ್ ಕೇಳುತ್ತದೆ. ಬೆರಳು ನಡುಗುವ ಹಿರಿಯರಿಗೆ, ಕಣ್ಣು ಮಂದವಾದವರಿಗೆ ಇದು ಬರೀ ಕಿರಿಕಿರಿಯಲ್ಲ. ಮೂರು ಸಲ ತಪ್ಪಾಗಿ ಒತ್ತಿದ ಮೇಲೆ ಕಂಪ್ಯೂಟರಿನ ಸಹವಾಸವೇ ಬೇಡವೆಂದು ಅವರು ಎದ್ದುಬಿಡುತ್ತಾರೆ. ಹಾಗಾಗಿ ಈ ಕೇಳುವಿಕೆಯನ್ನು ನಿಲ್ಲಿಸಬೇಕೆಂಬ ಆಸೆ ತಪ್ಪೇನಲ್ಲ. ಅದನ್ನು ಮಾಡುವ ರೀತಿಯಲ್ಲಿ ಮಾತ್ರ ಸರಿ ತಪ್ಪುಗಳಿವೆ.

ಪಾಸ್‌ವರ್ಡನ್ನು ತೆಗೆದುಹಾಕುವುದು ಒಂದು ಕೆಲಸ, ಪಾಸ್‌ವರ್ಡ್ ಕೇಳುವುದನ್ನು ನಿಲ್ಲಿಸುವುದು ಇನ್ನೊಂದು. ಬಾಗಿಲಿನ ಚಿಲಕವನ್ನೇ ಕಿತ್ತು ಎಸೆಯುವುದಕ್ಕೂ, ಹಗಲು ಹೊತ್ತು ಚಿಲಕ ಹಾಕದೆ ಬಿಡುವುದಕ್ಕೂ ಇರುವಷ್ಟೇ ಅಂತರ ಇವೆರಡರ ನಡುವೆ ಇದೆ. ಎರಡನೆಯ ದಾರಿಯಲ್ಲಿ ಖಾತೆಗೆ ಪಾಸ್‌ವರ್ಡ್ ಇದ್ದೇ ಇರುತ್ತದೆ. ಆನ್ ಆಗುವಾಗ ಕಂಪ್ಯೂಟರೇ ನಿಮ್ಮ ಪರವಾಗಿ ಅದನ್ನು ಒದಗಿಸಿ ಒಳಗೆ ಕರೆದುಕೊಳ್ಳುತ್ತದೆ. ಬೇಕೆನಿಸಿದ ದಿನ ಮತ್ತೆ ಕೇಳುವಂತೆ ಮಾಡಬಹುದು. ಈ ಬರಹ ಹೇಳುವುದು ಈ ಎರಡನೆಯ ದಾರಿಯನ್ನು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಇದಕ್ಕೆ ಅಧಿಕೃತ ವ್ಯವಸ್ಥೆ ಇದೆ. ಹೊರಗಿನಿಂದ ಯಾವ ಅನುಮಾನಾಸ್ಪದ ತಂತ್ರಾಂಶವನ್ನೂ ತರಬೇಕಾಗಿಲ್ಲ.

ಮೊದಲು ಕಂಪ್ಯೂಟರ್ ಎಲ್ಲಿದೆ ಎಂದು ನೋಡಿ

ಲಾಗಿನ್ ಪಾಸ್‌ವರ್ಡ್ ಮುಖ್ಯವಾಗಿ ತಡೆಯುವುದು ನಿಮ್ಮ ಕಂಪ್ಯೂಟರಿನ ಮುಂದೆ ಬಂದು ಕೂರುವ ಮನುಷ್ಯನನ್ನು. ಇಂಟರ್ನೆಟ್ ಮೂಲಕ ಬರುವ ವೈರಸ್, ಮೋಸದ ಇಮೇಲ್, ನಕಲಿ ಜಾಲತಾಣಗಳನ್ನು ಅದು ತಡೆಯುವುದಿಲ್ಲ. ಆದ್ದರಿಂದ ನಿರ್ಧಾರ ನಿಂತಿರುವುದು ಒಂದೇ ಪ್ರಶ್ನೆಯ ಮೇಲೆ: ಈ ಯಂತ್ರವನ್ನು ಯಾರು ಯಾರು ಮುಟ್ಟಬಲ್ಲರು?

ಮೇಜಿನ ಮೇಲೆ ಸ್ಥಿರವಾಗಿರುವ ಡೆಸ್ಕ್‌ಟಾಪ್, ಮನೆಯವರ ಹೊರತು ಬೇರೆ ಯಾರೂ ಬರದ ಕೋಣೆ ಎಂದಾದರೆ ಧೈರ್ಯವಾಗಿ ಮಾಡಿ. ಟೀವಿಗೆ ಜೋಡಿಸಿ ಸಿನಿಮಾ ನೋಡಲು ಇಟ್ಟುಕೊಂಡ ಕಂಪ್ಯೂಟರಿಗಂತೂ ಇದು ಹೇಳಿ ಮಾಡಿಸಿದ ಏರ್ಪಾಡು. ಚೀಲದಲ್ಲಿ ಹಾಕಿಕೊಂಡು ಓಡಾಡುವ ಲ್ಯಾಪ್‌ಟಾಪ್ ಆದರೆ ಬೇಡ. ಅದು ಕಳೆದುಹೋದ ಕ್ಷಣದಲ್ಲಿ ನಿಮ್ಮ ಇಮೇಲ್, ಫೋಟೋ, ಬ್ಯಾಂಕ್ ಕಾಗದಪತ್ರಗಳೆಲ್ಲ ಪರರ ಪಾಲು. ಕಚೇರಿ ಕೊಟ್ಟ ಕಂಪ್ಯೂಟರಿನಲ್ಲೂ ಇದನ್ನು ಮಾಡಬಾರದು. ಅದರ ನಿಯಮ ಹಾಕುವ ಅಧಿಕಾರ ಕಚೇರಿಯದು, ಬಹಳಷ್ಟು ಸಂದರ್ಭಗಳಲ್ಲಿ ಈ ಆಯ್ಕೆಯನ್ನು ಅವರೇ ಮುಚ್ಚಿಟ್ಟಿರುತ್ತಾರೆ. ಬಾಡಿಗೆ ಕೋಣೆಯನ್ನು ಬೇರೆಯವರೊಂದಿಗೆ ಹಂಚಿಕೊಂಡವರು, ಮನೆಗೆ ಹೊರಗಿನವರು ನಿತ್ಯ ಬಂದು ಹೋಗುವವರು ಕೂಡ ಮುಂದಿನ ಭಾಗದಲ್ಲಿ ಹೇಳಿರುವ ನಡುದಾರಿಯನ್ನು ಹಿಡಿಯುವುದು ಒಳ್ಳೆಯದು.

ಡಿಸ್ಕ್ ಗೂಢಲಿಪೀಕರಣದ, ಅಂದರೆ ಡಿಸ್ಕಿನಲ್ಲಿರುವುದನ್ನು ಬೀಗದ ಕೈ ಇಲ್ಲದೆ ಯಾರೂ ಓದಲಾಗದಂತೆ ಮಾಡಿಡುವುದರ ಬಗ್ಗೆಯೂ ಇಲ್ಲೇ ಹೇಳಿಬಿಡಬೇಕು. ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಅಥವಾ ‘ಡಿವೈಸ್ ಎನ್‌ಕ್ರಿಪ್ಷನ್’ ಚಾಲೂ ಇದ್ದರೆ, ಡಿಸ್ಕಿನ ಬೀಗದ ಕೈ ಸಾಮಾನ್ಯವಾಗಿ ಮದರ್‌ಬೋರ್ಡಿನ ಟಿಪಿಎಂ ಎಂಬ ಭದ್ರತಾ ಚಿಪ್‌ನಲ್ಲಿರುತ್ತದೆ. ಯಂತ್ರ ಆನ್ ಆದಾಗ ಡಿಸ್ಕ್ ತಾನಾಗಿಯೇ ತೆರೆದುಕೊಳ್ಳುತ್ತದೆ. ಅದರ ಮುಂದೆ ಉಳಿಯುವ ಒಂದೇ ತಡೆ ಎಂದರೆ ಲಾಗಿನ್ ಪಾಸ್‌ವರ್ಡ್. ಅದನ್ನೂ ದಾಟಿಸಿಬಿಟ್ಟರೆ ಯಂತ್ರವನ್ನು ಇಡಿಯಾಗಿ ಹೊತ್ತೊಯ್ದವನಿಗೆ ಗೂಢಲಿಪೀಕರಣ ಅಡ್ಡಿಯೇ ಆಗುವುದಿಲ್ಲ, ಗುಂಡಿ ಒತ್ತಿದರೆ ಸಾಕು. ಡಿಸ್ಕನ್ನು ಮಾತ್ರ ಬಿಚ್ಚಿಕೊಂಡು ಹೋದವನಿಗೆ ಅದು ಓದಲಾಗದೆ ಉಳಿಯುತ್ತದೆ ಎನ್ನುವುದಷ್ಟೇ ಆಗ ಉಳಿಯುವ ಲಾಭ. ಲಿನಕ್ಸ್‌ನಲ್ಲಿ ಡಿಸ್ಕನ್ನು ಲಕ್ಸ್ ವಿಧಾನದಲ್ಲಿ ಗೂಢಲಿಪೀಕರಿಸಿ, ಆರಂಭದಲ್ಲೇ ಗುಪ್ತವಾಕ್ಯ ಕೇಳುವಂತೆ ಇಟ್ಟುಕೊಂಡವರ ಕಥೆ ಬೇರೆ. ಅವರು ಒಂದು ಗುಪ್ತಪದವನ್ನು ಆಗಲೇ ಕೊಟ್ಟಾಗಿದೆ. ಎರಡನೆಯದನ್ನು ತಪ್ಪಿಸಿಕೊಂಡರೆ ಹೆಚ್ಚೇನೂ ಕಳೆದುಕೊಳ್ಳುವುದಿಲ್ಲ. ನನ್ನನ್ನು ಕೇಳಿದರೆ ಇರುವ ಏರ್ಪಾಡುಗಳಲ್ಲೆಲ್ಲ ಅತ್ಯಂತ ಸಮಂಜಸವಾದದ್ದು ಅದೇ.

ಬಹಳ ಜನರಿಗೆ ಪಿನ್ ಅಥವಾ ಬೆರಳಚ್ಚೇ ಸಾಕು

ನಿಮಗೆ ತೊಂದರೆ ಕೊಡುತ್ತಿರುವುದು ಪಾಸ್‌ವರ್ಡಿನ ಉದ್ದ ಮಾತ್ರವೇ ಎಂದು ಒಮ್ಮೆ ಯೋಚಿಸಿ. ದೊಡ್ಡಕ್ಷರ, ಸಣ್ಣಕ್ಷರ, ಅಂಕಿ, ಚಿಹ್ನೆ ಎಲ್ಲ ಬೆರೆತ ಮೈಕ್ರೋಸಾಫ್ಟ್ ಖಾತೆಯ ಪಾಸ್‌ವರ್ಡನ್ನು ದಿನವೂ ಒತ್ತುವುದು ನಿಜಕ್ಕೂ ಹಿಂಸೆ. ಅದಕ್ಕೆ ವಿಂಡೋಸ್ ಹಲೋ ಎಂಬ ವ್ಯವಸ್ಥೆಯಲ್ಲಿ ಪಿನ್, ಬೆರಳಚ್ಚು, ಮುಖ ಗುರುತಿಸುವಿಕೆ ಎಂಬ ಮೂರು ದಾರಿಗಳಿವೆ. ಪಿನ್‌ಗೆ ನಾಲ್ಕು ಅಂಕಿ ಸಾಕು. ನಾಲ್ಕೇ ಅಂಕಿ ಹೇಗೆ ಸುರಕ್ಷಿತ ಎಂಬ ಅನುಮಾನ ಸಹಜ. ಪಿನ್ ಆ ಒಂದು ಯಂತ್ರಕ್ಕೆ ಮಾತ್ರ ಸಂಬಂಧಪಟ್ಟದ್ದು. ಯಾರಿಗಾದರೂ ಅದು ತಿಳಿದರೂ ಬೇರೆ ಕಂಪ್ಯೂಟರಿನಿಂದ ನಿಮ್ಮ ಇಮೇಲ್ ತೆರೆಯಲು ಉಪಯೋಗಕ್ಕೆ ಬರುವುದಿಲ್ಲ. ಪದೇ ಪದೇ ತಪ್ಪು ಪಿನ್ ಕೊಟ್ಟರೆ ಯಂತ್ರ ಪ್ರಯತ್ನಗಳನ್ನೇ ತಡೆದು ನಿಲ್ಲಿಸುತ್ತದೆ.

‘ಸೆಟ್ಟಿಂಗ್ಸ್’ ತೆರೆದು ‘ಅಕೌಂಟ್ಸ್’, ಅದರೊಳಗೆ ‘ಸೈನ್-ಇನ್ ಆಪ್ಷನ್ಸ್’ಗೆ ಹೋದರೆ ಮೂರೂ ಅಲ್ಲೇ ಕಾಣುತ್ತವೆ. ನಾಲ್ಕಂಕಿಯ ಪಿನ್ ಒತ್ತಿದ ಕೂಡಲೇ ಎಂಟರ್ ಕೂಡ ಒತ್ತಬೇಕಾಗಿಲ್ಲ, ಪರದೆ ತೆರೆದುಕೊಳ್ಳುತ್ತದೆ. ಮ್ಯಾಕ್‌ನಲ್ಲಿ ಟಚ್ ಐಡಿ ಇದೆ, ಆದರೆ ಯಂತ್ರ ಮರುಚಾಲನೆಯಾದ ಮೇಲೆ ಮೊದಲ ಸಲ ಪಾಸ್‌ವರ್ಡನ್ನೇ ಒತ್ತಬೇಕು. ಲ್ಯಾಪ್‌ಟಾಪ್ ಬಳಸುವ ಎಲ್ಲರಿಗೂ ನನ್ನ ಒತ್ತಾಯದ ಸಲಹೆ ಇದೇ: ಇಲ್ಲಿಗೆ ನಿಲ್ಲಿಸಿ, ಮುಂದಿನ ಹೆಜ್ಜೆಗಳು ಡೆಸ್ಕ್‌ಟಾಪ್ ಇರುವವರಿಗೆ ಇರಲಿ.

ಕೈ ಹಾಕುವ ಮುನ್ನ ಮೂರು ಸಿದ್ಧತೆ

ದಿನವೂ ಒತ್ತದ ಪಾಸ್‌ವರ್ಡ್ ಮರೆತೇ ಹೋಗುತ್ತದೆ. ಸ್ವಯಂ ಲಾಗಿನ್‌ನ ಅತಿ ದೊಡ್ಡ ಅಪಾಯ ಕಳ್ಳರಿಂದ ಬರುವುದಿಲ್ಲ, ಈ ಮರೆವಿನಿಂದ ಬರುತ್ತದೆ. ಆರು ತಿಂಗಳ ನಂತರ ಯಾವುದೋ ಅಪ್‌ಡೇಟ್ ಆದ ಮೇಲೆ ಕಂಪ್ಯೂಟರ್ ಏಕಾಏಕಿ ಪಾಸ್‌ವರ್ಡ್ ಕೇಳಿದರೆ ಮನೆಯಲ್ಲಿ ಯಾರಿಗೂ ನೆನಪಿರುವುದಿಲ್ಲ. ಆದ್ದರಿಂದ ಈಗಲೇ ಕಾಗದದ ಮೇಲೆ, ದೊಡ್ಡಕ್ಷರ ಸಣ್ಣಕ್ಷರ ಸ್ಪಷ್ಟವಾಗಿ ತಿಳಿಯುವಂತೆ ಬರೆದು, ಮನೆಯ ಮುಖ್ಯ ಕಾಗದಪತ್ರಗಳ ಜೊತೆ ಇಡಿ. ಮಾನಿಟರಿನ ಅಂಚಿಗೆ ಅಂಟಿಸಬೇಡಿ.

ಎರಡನೆಯದು, ವಿಂಡೋಸ್ ಡಿಸ್ಕ್ ಗೂಢಲಿಪೀಕರಣವಾಗಿದ್ದರೆ ಅದರ 48 ಅಂಕಿಗಳ ಮರುಪಡೆಯುವ ಕೀಲಿ ನಿಮ್ಮ ಕೈಯಲ್ಲಿ ಇದೆಯೇ ನೋಡಿಕೊಳ್ಳಿ. ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಖಾತೆಗೆ ಒಮ್ಮೆ ಹೋಗಿ ನೋಡಿ, ಅದನ್ನೂ ಬರೆದಿಡಿ.

ಮೂರನೆಯ ಸಿದ್ಧತೆಯನ್ನು ಹೆಚ್ಚಿನವರು ಮಾಡುವುದಿಲ್ಲ, ಆದರೆ ಮೂರರಲ್ಲಿ ಹೆಚ್ಚು ಫಲ ಕೊಡುವುದು ಅದೇ. ಪಾಸ್‌ವರ್ಡ್ ಇಲ್ಲದೆ ತೆರೆದುಕೊಳ್ಳುವ ಖಾತೆ ‘ಅಡ್ಮಿನಿಸ್ಟ್ರೇಟರ್’ ಆಗಿರಬಾರದು, ‘ಸ್ಟ್ಯಾಂಡರ್ಡ್ ಯೂಸರ್’ ಆಗಿರಬೇಕು. ಅಡ್ಮಿನಿಸ್ಟ್ರೇಟರ್ ಖಾತೆಯಲ್ಲಿ ಹೊಸ ತಂತ್ರಾಂಶ ಹಾಕಲು ಹೊರಟರೆ ವಿಂಡೋಸ್ ಬರೀ ‘ಯೆಸ್’ ಅಥವಾ ‘ನೋ’ ಎಂದು ಕೇಳುತ್ತದೆ. ಆಟವಾಡುತ್ತಿರುವ ಮಗು ‘ಯೆಸ್’ ಒತ್ತಿಬಿಟ್ಟರೆ ಮುಗಿಯಿತು. ಸ್ಟ್ಯಾಂಡರ್ಡ್ ಖಾತೆಯಲ್ಲಿ ಅದೇ ಜಾಗದಲ್ಲಿ ಅಡ್ಮಿನಿಸ್ಟ್ರೇಟರಿನ ಪಾಸ್‌ವರ್ಡ್ ಕೇಳುವ ಕಿಟಕಿ ಬರುತ್ತದೆ, ಮಗು ನಿಮ್ಮನ್ನು ಕರೆಯಲೇಬೇಕಾಗುತ್ತದೆ. ಇದನ್ನು ಮಾಡಲು ಮೊದಲು ಅಡ್ಮಿನಿಸ್ಟ್ರೇಟರ್ ಆಗಿ ಇನ್ನೊಂದು ಖಾತೆ ತೆರೆದು, ಅದಕ್ಕೊಂದು ಗಟ್ಟಿ ಪಾಸ್‌ವರ್ಡ್ ಇಟ್ಟು, ಆ ಖಾತೆಯಿಂದ ಒಳಗೆ ಹೋಗಿ ದಿನಬಳಕೆಯ ಖಾತೆಯನ್ನು ಸ್ಟ್ಯಾಂಡರ್ಡ್‌ಗೆ ಇಳಿಸಿ. ಈ ಕ್ರಮ ತಪ್ಪಬಾರದು. ಮುಂದಿನ ವಿಂಡೋಸ್ ಹೆಜ್ಜೆಗಳಿಗೂ ಅಡ್ಮಿನಿಸ್ಟ್ರೇಟರ್ ಅಧಿಕಾರ ಬೇಕು, ಹಾಗಾಗಿ ಆ ಹೊಸ ಪಾಸ್‌ವರ್ಡನ್ನೂ ಕಾಗದಕ್ಕೆ ಸೇರಿಸಿ.

ವಿಂಡೋಸ್ 10 ಮತ್ತು 11

ವಿಂಡೋಸ್‌ನಲ್ಲಿ ಈ ಕೆಲಸ ಮಾಡುವ ಹಳೆಯ, ನಂಬಿಕಸ್ಥ ಕಿಟಕಿಯ ಹೆಸರು ‘ನೆಟ್‌ಪಿಎಲ್‌ವಿಜ್’. ಇಂಗ್ಲಿಷಿನಲ್ಲಿ ಎನ್, ಇ, ಟಿ, ಪಿ, ಎಲ್, ಡಬ್ಲ್ಯು, ಐ, ಝಡ್ ಎಂದು ಎಂಟು ಅಕ್ಷರಗಳನ್ನು ಜಾಗ ಬಿಡದೆ ಒತ್ತಬೇಕು. ಹಳೆಯ ವಿಂಡೋಸ್‌ನಲ್ಲಿ ನೇರವಾಗಿ ಇಲ್ಲಿಗೆ ಬಂದು ಒಂದು ಟಿಕ್ ತೆಗೆದರೆ ಸಾಕಾಗಿತ್ತು. 2020ರ ವಿಂಡೋಸ್ 10 ಅಪ್‌ಡೇಟಿನ ನಂತರ ಬಹಳ ಜನರಿಗೆ ಆ ಟಿಕ್ ಚೌಕವೇ ಕಾಣದಾಯಿತು. ಚೌಕ ಎಲ್ಲೂ ಹೋಗಿಲ್ಲ, ಇನ್ನೊಂದು ಸೆಟ್ಟಿಂಗ್ ಅದನ್ನು ಮರೆಮಾಡಿದೆ. ಆದ್ದರಿಂದ ಈ ಕ್ರಮದಲ್ಲಿ ಹೋಗಿ:

1. ‘ಸೆಟ್ಟಿಂಗ್ಸ್’ನಲ್ಲಿ ‘ಅಕೌಂಟ್ಸ್’, ನಂತರ ‘ಸೈನ್-ಇನ್ ಆಪ್ಷನ್ಸ್’ ತೆರೆಯಿರಿ. ‘ಫಾರ್ ಇಂಪ್ರೂವ್ಡ್ ಸೆಕ್ಯುರಿಟಿ, ಓನ್ಲಿ ಅಲೋ ವಿಂಡೋಸ್ ಹಲೋ ಸೈನ್-ಇನ್’ ಎಂದು ಆರಂಭವಾಗುವ ಸಾಲನ್ನು ಹುಡುಕಿ. ವಿಂಡೋಸ್ 11ರಲ್ಲಿ ಇದು ‘ಅಡಿಷನಲ್ ಸೆಟ್ಟಿಂಗ್ಸ್’ ಎಂಬ ತಲೆಬರಹದ ಕೆಳಗಿದೆ. ಇದನ್ನು ಆಫ್ ಮಾಡಿ.

2. ಸೆಟ್ಟಿಂಗ್ಸ್ ಮುಚ್ಚಿ. ವಿಂಡೋಸ್ ಕೀಲಿಯನ್ನು ಹಿಡಿದು ಆರ್ ಕೀಲಿ ಒತ್ತಿ. ಎಡಬದಿಯ ಮೂಲೆಯಲ್ಲಿ ‘ರನ್’ ಎಂಬ ಪುಟ್ಟ ಪೆಟ್ಟಿಗೆ ಬರುತ್ತದೆ. ಅದರಲ್ಲಿ ನೆಟ್‌ಪಿಎಲ್‌ವಿಜ್ ಎಂದು ಒತ್ತಿ ಎಂಟರ್ ಕೊಡಿ.

3. ‘ಯೂಸರ್ ಅಕೌಂಟ್ಸ್’ ಕಿಟಕಿಯಲ್ಲಿ ಖಾತೆಗಳ ಪಟ್ಟಿ ಇರುತ್ತದೆ. ತಾನಾಗಿ ತೆರೆಯಬೇಕಾದ ಖಾತೆಯ ಮೇಲೆ ಒಮ್ಮೆ ಕ್ಲಿಕ್ ಮಾಡಿ. ನಂತರ ಮೇಲಿರುವ ‘ಯೂಸರ್ಸ್ ಮಸ್ಟ್ ಎಂಟರ್ ಎ ಯೂಸರ್ ನೇಮ್ ಅಂಡ್ ಪಾಸ್‌ವರ್ಡ್ ಟು ಯೂಸ್ ದಿಸ್ ಕಂಪ್ಯೂಟರ್’ ಎಂಬ ಸಾಲಿನ ಟಿಕ್ ತೆಗೆಯಿರಿ.

4. ‘ಅಪ್ಲೈ’ ಒತ್ತಿದಾಗ ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡನ್ನು ಎರಡು ಸಲ ಕೇಳುವ ಪೆಟ್ಟಿಗೆ ಬರುತ್ತದೆ. ತುಂಬಿ ‘ಓಕೆ’ ಕೊಡಿ. ಯಂತ್ರವನ್ನು ಮರುಚಾಲನೆ ಮಾಡಿ ನೋಡಿ.

ನಾಲ್ಕನೆಯ ಹೆಜ್ಜೆಯಲ್ಲೇ ಹೆಚ್ಚಿನವರು ಎಡವುವುದು. ಆ ಪೆಟ್ಟಿಗೆಯಲ್ಲಿ ಕೊಡಬೇಕಾದದ್ದು ಪಿನ್ ಅಲ್ಲ, ಖಾತೆಯ ನಿಜವಾದ ಪಾಸ್‌ವರ್ಡ್. ದಿನವೂ ಪಿನ್ ಒತ್ತಿ ಅಭ್ಯಾಸವಾದ ಕೈ ಇಲ್ಲೂ ಪಿನ್ ಒತ್ತಿಬಿಡುತ್ತದೆ. ಪೆಟ್ಟಿಗೆ ಅದು ಸರಿಯೋ ತಪ್ಪೋ ಎಂದು ಪರೀಕ್ಷಿಸುವುದೂ ಇಲ್ಲ, ಎರಡು ಸಲ ಒತ್ತಿದ್ದು ಒಂದೇ ಆಗಿದ್ದರೆ ಸುಮ್ಮನೆ ಒಪ್ಪಿಕೊಳ್ಳುತ್ತದೆ. ತಪ್ಪು ಗೊತ್ತಾಗುವುದು ಮರುಚಾಲನೆಯ ಹೊತ್ತಿಗೆ. ‘ಬಳಕೆದಾರರ ಹೆಸರು ಅಥವಾ ಪಾಸ್‌ವರ್ಡ್ ಸರಿಯಿಲ್ಲ’ ಎಂಬ ಅರ್ಥದ ಇಂಗ್ಲಿಷ್ ಸಾಲು, ಅದರ ಕೆಳಗೆ ‘ಓಕೆ’ ಗುಂಡಿ. ಗಾಬರಿಯಾಗಬೇಡಿ, ಏನೂ ಕೆಟ್ಟಿಲ್ಲ. ‘ಓಕೆ’ ಒತ್ತಿದರೆ ಮಾಮೂಲಿ ಲಾಗಿನ್ ಪರದೆ ಬರುತ್ತದೆ, ಎಂದಿನಂತೆ ಒಳಗೆ ಹೋಗಿ ಮತ್ತೆ ನೆಟ್‌ಪಿಎಲ್‌ವಿಜ್ ತೆರೆದು, ಟಿಕ್ ಹಾಕಿ ಅಪ್ಲೈ ಮಾಡಿ, ಮತ್ತೆ ಟಿಕ್ ತೆಗೆದು ಸರಿಯಾದದ್ದನ್ನು ತುಂಬಿ.

ಪಾಸ್‌ವರ್ಡ್ ಸರಿಯಿದ್ದೂ ಇದೇ ಸಾಲು ಬಂದರೆ ಹೆಸರಿನ ಜಾಗವನ್ನು ನೋಡಿ. ಮೈಕ್ರೋಸಾಫ್ಟ್ ಖಾತೆಯಾದರೆ ಅಲ್ಲಿ ತಾನಾಗಿ ಬಂದ ಮೊಟಕು ಹೆಸರನ್ನು ಅಳಿಸಿ ಪೂರ್ತಿ ಇಮೇಲ್ ವಿಳಾಸ ಹಾಕಿ ನೋಡಿ. ಇನ್ನು ಕೆಲವರ ಮೈಕ್ರೋಸಾಫ್ಟ್ ಖಾತೆಗೆ ಪಾಸ್‌ವರ್ಡೇ ಇರುವುದಿಲ್ಲ. 2021ರಿಂದ ಪಾಸ್‌ವರ್ಡನ್ನು ಪೂರ್ತಿ ತೆಗೆದುಹಾಕುವ ಅವಕಾಶವಿದೆ, 2025ರಿಂದ ಹೊಸ ಖಾತೆಗಳು ಹಾಗೆಯೇ ಹುಟ್ಟುತ್ತವೆ. ಕೊಡಲು ಪಾಸ್‌ವರ್ಡೇ ಇಲ್ಲದ ಮೇಲೆ ಈ ದಾರಿ ಅವರಿಗೆ ಕೆಲಸ ಮಾಡುವುದಿಲ್ಲ. ಅವರು ಪಿನ್‌ನಲ್ಲೇ ಇರಬಹುದು, ಇಲ್ಲವೇ ‘ಅಕೌಂಟ್ಸ್’ನೊಳಗಿನ ‘ಯುವರ್ ಇನ್ಫೋ’ದಲ್ಲಿ ‘ಸೈನ್ ಇನ್ ವಿತ್ ಎ ಲೋಕಲ್ ಅಕೌಂಟ್ ಇನ್‌ಸ್ಟೆಡ್’ ಆರಿಸಿ ಸ್ಥಳೀಯ ಖಾತೆಗೆ, ಅಂದರೆ ಆ ಒಂದು ಯಂತ್ರಕ್ಕಷ್ಟೇ ಸೀಮಿತವಾದ ಖಾತೆಗೆ ಬದಲಾಗಬಹುದು. ಬದಲಾಗುವ ಮುನ್ನ ಆ 48 ಅಂಕಿಗಳ ಕೀಲಿ ಕಾಗದದಲ್ಲಿ ಇರಲೇಬೇಕು.

ಹಲೋ ಸಾಲನ್ನು ಆಫ್ ಮಾಡಿದ ಮೇಲೂ ಟಿಕ್ ಚೌಕ ಬಾರದಿದ್ದರೆ ಒಮ್ಮೆ ಮರುಚಾಲನೆ ಮಾಡಿ ನೋಡಿ. ಆಗಲೂ ಇಲ್ಲವಾದರೆ ಮೈಕ್ರೋಸಾಫ್ಟ್‌ನದೇ ಆದ ಸಿಸ್‌ಇಂಟರ್ನಲ್ಸ್ ವಿಭಾಗದ ‘ಆಟೋಲಾಗಾನ್’ ಎಂಬ ಪುಟ್ಟ ಉಚಿತ ಉಪಕರಣವನ್ನು ಮೈಕ್ರೋಸಾಫ್ಟ್ ಜಾಲತಾಣದಿಂದಲೇ ಇಳಿಸಿಕೊಳ್ಳಿ. ಹೆಸರು, ಡೊಮೇನ್, ಪಾಸ್‌ವರ್ಡ್ ಎಂಬ ಮೂರು ಜಾಗ, ‘ಎನೇಬಲ್’ ಮತ್ತು ‘ಡಿಸೇಬಲ್’ ಎಂಬ ಎರಡು ಗುಂಡಿ, ಅಷ್ಟೇ ಅದರಲ್ಲಿರುವುದು. ಡೊಮೇನ್ ಜಾಗದಲ್ಲಿ ತಾನಾಗಿ ಬಂದದ್ದನ್ನು ಹಾಗೇ ಬಿಡಿ.

ಇಂಟರ್ನೆಟ್‌ನಲ್ಲಿ ಹುಡುಕಿದರೆ ಇನ್ನೊಂದು ಸಲಹೆ ಎಲ್ಲೆಡೆ ಸಿಗುತ್ತದೆ: ರಿಜಿಸ್ಟ್ರಿ ಎಡಿಟರ್ ತೆರೆದು, ‘ವಿನ್‌ಲಾಗಾನ್’ ಎಂಬ ಜಾಗದಲ್ಲಿ ‘ಡೀಫಾಲ್ಟ್‌ಪಾಸ್‌ವರ್ಡ್’ ಎಂಬ ನಮೂದು ಮಾಡಿ, ಪಾಸ್‌ವರ್ಡನ್ನು ಅಲ್ಲಿ ಬರೆಯಿರಿ ಎಂದು. ದಯವಿಟ್ಟು ಇದನ್ನು ಮಾಡಬೇಡಿ. ಹಾಗೆ ಬರೆದ ಪಾಸ್‌ವರ್ಡ್ ಯಾವ ಮುಸುಕೂ ಇಲ್ಲದೆ, ಓದಬಹುದಾದ ಅಕ್ಷರಗಳಲ್ಲೇ ಕೂತಿರುತ್ತದೆ. ಅದು ಮೈಕ್ರೋಸಾಫ್ಟ್ ಖಾತೆಯ ಪಾಸ್‌ವರ್ಡ್ ಆಗಿದ್ದರೆ ಇಮೇಲ್, ಒನ್‌ಡ್ರೈವ್ ಎಲ್ಲದರ ಬಾಗಿಲೂ ಅದೇ. ಆಟೋಲಾಗಾನ್ ಪಾಸ್‌ವರ್ಡನ್ನು ಗೂಢಲಿಪಿಯಲ್ಲಿ ಇಡುತ್ತದೆ. ಅದನ್ನೂ ಅಡ್ಮಿನಿಸ್ಟ್ರೇಟರ್ ಅಧಿಕಾರವಿರುವವರು ಬಿಡಿಸಿಕೊಳ್ಳಬಲ್ಲರು ಎನ್ನುವುದು ನಿಜ. ಸ್ಟ್ಯಾಂಡರ್ಡ್ ಖಾತೆಯ ಮೇಲೆ ನಾನು ಇಷ್ಟು ಒತ್ತು ಕೊಡುವುದಕ್ಕೆ ಇದೂ ಒಂದು ಕಾರಣ.

ಮನೆಯಲ್ಲಿ ಇನ್ನೊಬ್ಬರ ಖಾತೆಯೂ ಇದ್ದರೆ ಅವರು ಸ್ಟಾರ್ಟ್ ಮೆನುವಿನಲ್ಲಿ ಖಾತೆಯ ಚಿತ್ರ ಒತ್ತಿ ತಮ್ಮ ಖಾತೆಗೆ ಬದಲಾಯಿಸಿಕೊಳ್ಳಬಹುದು. ಆಟೋಲಾಗಾನ್ ಬಳಸಿದವರು ಯಂತ್ರ ಒಳಗೆ ಹೋಗುವ ಮುನ್ನ ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದರೆ ಆ ಒಂದು ಸಲ ಸ್ವಯಂ ಲಾಗಿನ್ ನಿಂತು, ಲಾಗಿನ್ ಪರದೆ ಬರುತ್ತದೆ.

ಸ್ಥಳೀಯ ಖಾತೆಯ ಪಾಸ್‌ವರ್ಡನ್ನೇ ಖಾಲಿ ಬಿಟ್ಟರಾಗದೇ ಎಂದು ಕೇಳುವವರಿದ್ದಾರೆ. ಆಗುತ್ತದೆ. ಪಾಸ್‌ವರ್ಡ್ ಬದಲಿಸುವ ಪೆಟ್ಟಿಗೆಯಲ್ಲಿ ಹೊಸ ಪಾಸ್‌ವರ್ಡಿನ ಜಾಗ ಖಾಲಿ ಬಿಟ್ಟರಾಯಿತು. ಖಾಲಿ ಪಾಸ್‌ವರ್ಡಿನ ಖಾತೆಯನ್ನು ವಿಂಡೋಸ್ ಯಂತ್ರದ ಮುಂದೆ ಕೂತವರಿಗಷ್ಟೇ ತೆರೆಯುತ್ತದೆ, ನೆಟ್‌ವರ್ಕ್ ಮೂಲಕ ಒಳಗೆ ಬಿಡುವುದಿಲ್ಲ. ಆ ಮಟ್ಟಿಗೆ ಅದು ಒಂದು ರಕ್ಷಣೆಯೂ ಹೌದು, ಮನೆಯೊಳಗೆ ಫೈಲ್ ಹಂಚಿಕೊಳ್ಳುವವರಿಗೆ ಅಡ್ಡಿಯೂ ಹೌದು. ಸಿನಿಮಾ ನೋಡಲಷ್ಟೇ ಇರುವ, ಖಾಸಗಿ ವಿಷಯ ಏನೂ ಇಲ್ಲದ ಯಂತ್ರಕ್ಕೆ ನಡೆದೀತು. ಬೇರೆ ಯಾವುದಕ್ಕೂ ನಾನು ಹೇಳಲಾರೆ.

ನಿದ್ದೆಯಿಂದ ಎದ್ದಾಗ ಮತ್ತೆ ಕೇಳುತ್ತದೆ

ಇಷ್ಟೆಲ್ಲ ಮಾಡಿದ ಮೇಲೂ ಊಟ ಮುಗಿಸಿ ಬಂದು ನೋಡಿದರೆ ಪರದೆ ಮತ್ತೆ ಪಿನ್ ಕೇಳುತ್ತಿರುತ್ತದೆ. ಮಾಡಿದ್ದು ಕೆಲಸ ಮಾಡಲಿಲ್ಲ ಎಂದು ಜನ ಮೊದಲಿನಿಂದ ಶುರು ಮಾಡುತ್ತಾರೆ. ಯಂತ್ರ ಆನ್ ಆಗುವಾಗ ಕೇಳುವುದು, ನಿದ್ರಾಸ್ಥಿತಿಯಿಂದ ಎದ್ದಾಗ ಕೇಳುವುದು, ಸ್ಕ್ರೀನ್ ಸೇವರ್ ನಂತರ ಕೇಳುವುದು ಮೂರೂ ಬೇರೆ ಬೇರೆ ಸೆಟ್ಟಿಂಗ್‌ಗಳು. ನೆಟ್‌ಪಿಎಲ್‌ವಿಜ್ ಮೊದಲನೆಯದನ್ನು ಮಾತ್ರ ನೋಡಿಕೊಳ್ಳುತ್ತದೆ.

ಎರಡನೆಯದಕ್ಕೆ ಮತ್ತೆ ‘ಸೈನ್-ಇನ್ ಆಪ್ಷನ್ಸ್’ಗೆ ಹೋಗಿ. ವಿಂಡೋಸ್ 11ರಲ್ಲಿ ‘ಇಫ್ ಯೂ ಹ್ಯಾವ್ ಬೀನ್ ಅವೇ’ ಎಂಬ ಅರ್ಥದಿಂದ ಶುರುವಾಗುವ ಸಾಲು, ವಿಂಡೋಸ್ 10ರಲ್ಲಿ ‘ರಿಕ್ವೈರ್ ಸೈನ್-ಇನ್’. ಎರಡರಲ್ಲೂ ‘ನೆವರ್’ ಆರಿಸಿ. ಅದೇ ಪುಟದಲ್ಲಿ ‘ಡೈನಾಮಿಕ್ ಲಾಕ್’ ಎಂಬುದೊಂದಿದೆ. ಜೋಡಿಸಿದ ಮೊಬೈಲ್ ದೂರ ಹೋದರೆ ಕಂಪ್ಯೂಟರಿಗೆ ಬೀಗ ಹಾಕುವುದು ಅದರ ಕೆಲಸ. ಅದು ಆನ್ ಇದ್ದರೆ ನೀವು ಅಡುಗೆಮನೆಗೆ ಹೋದಾಗಲೂ ಬೀಗ ಬಿದ್ದೀತು, ಆಫ್ ಮಾಡಿ.

ಮೂರನೆಯದು ಹಳೆಯ ಕಿಟಕಿಯೊಳಗೆ ಅಡಗಿದೆ. ಸ್ಟಾರ್ಟ್ ಒತ್ತಿ ‘ಸ್ಕ್ರೀನ್ ಸೇವರ್’ ಎಂದು ಹುಡುಕಿ, ‘ಚೇಂಜ್ ಸ್ಕ್ರೀನ್ ಸೇವರ್’ ತೆರೆಯಿರಿ. ‘ಆನ್ ರೆಸ್ಯೂಮ್, ಡಿಸ್‌ಪ್ಲೇ ಲಾಗಾನ್ ಸ್ಕ್ರೀನ್’ ಎಂಬುದರ ಟಿಕ್ ತೆಗೆಯಿರಿ. ಬೀಗವನ್ನು ನೀವೇ ಹಾಕಬೇಕೆನಿಸಿದಾಗ ವಿಂಡೋಸ್ ಕೀಲಿಯೊಂದಿಗೆ ಎಲ್ ಒತ್ತಿದರೆ ಸಾಕು. ಮನೆಗೆ ಅಪರಿಚಿತರು ಬಂದಾಗ ಕೈ ತಾನಾಗಿ ಆ ಎರಡು ಕೀಲಿಗಳ ಕಡೆಗೆ ಹೋಗುವಷ್ಟು ಇದನ್ನು ಅಭ್ಯಾಸ ಮಾಡಿಕೊಳ್ಳಿ.

ಮ್ಯಾಕ್

ಮ್ಯಾಕ್‌ನಲ್ಲಿ ಕೆಲಸ ಚಿಕ್ಕದು. ‘ಸಿಸ್ಟಮ್ ಸೆಟ್ಟಿಂಗ್ಸ್’ನಲ್ಲಿ ‘ಯೂಸರ್ಸ್ ಅಂಡ್ ಗ್ರೂಪ್ಸ್’ ತೆರೆದು, ‘ಆಟೋಮ್ಯಾಟಿಕಲಿ ಲಾಗ್ ಇನ್ ಆ್ಯಸ್’ ಎಂಬಲ್ಲಿ ಖಾತೆಯನ್ನು ಆರಿಸಿ ಪಾಸ್‌ವರ್ಡ್ ಕೊಡಿ. ಆ ಆಯ್ಕೆ ಮಸುಕಾಗಿ, ಒತ್ತಲಾಗದಂತೆ ಕಂಡರೆ ಕಾರಣ ಬಹುತೇಕ ಫೈಲ್‌ವಾಲ್ಟ್. ಡಿಸ್ಕನ್ನು ನಿಮ್ಮ ಪಾಸ್‌ವರ್ಡಿನಿಂದಲೇ ಬೀಗ ಹಾಕುವ ವ್ಯವಸ್ಥೆ ಅದು. ಅದು ಚಾಲೂ ಇರುವಾಗ ಸ್ವಯಂ ಲಾಗಿನ್ ಸಾಧ್ಯವೇ ಇಲ್ಲ.

ಫೈಲ್‌ವಾಲ್ಟನ್ನು ‘ಪ್ರೈವಸಿ ಅಂಡ್ ಸೆಕ್ಯುರಿಟಿ’ಯಲ್ಲಿ ಆಫ್ ಮಾಡಬಹುದು. ಮ್ಯಾಕ್‌ಬುಕ್ ಆಗಿದ್ದರೆ ದಯಮಾಡಿ ಮಾಡಬೇಡಿ. ಆ್ಯಪಲ್‌ನ ಸ್ವಂತ ಚಿಪ್ ಇರುವ ಯಂತ್ರಗಳಲ್ಲಿ ಫೈಲ್‌ವಾಲ್ಟ್ ಇಲ್ಲದೆಯೂ ಡಿಸ್ಕ್ ಗೂಢಲಿಪಿಯಲ್ಲೇ ಇರುತ್ತದೆ ಎನ್ನುವುದು ನಿಜ, ಆದರೆ ಆಗ ಅದನ್ನು ತೆರೆಯಲು ಪಾಸ್‌ವರ್ಡ್ ಬೇಕಾಗುವುದಿಲ್ಲ. ಮೇಜು ಬಿಟ್ಟು ಏಳದ ಐಮ್ಯಾಕ್, ಮ್ಯಾಕ್ ಮಿನಿಗಳಿಗೆ ಮಾತ್ರ ಇದು ಯೋಚಿಸಬಹುದಾದ ವಿಷಯ. ಮ್ಯಾಕ್ ಅನ್ನು ನಿತ್ಯ ಆಫ್ ಮಾಡದೆ ನಿದ್ರಾಸ್ಥಿತಿಯಲ್ಲಿ ಬಿಡುವವರಿಗೆ ಫೈಲ್‌ವಾಲ್ಟ್ ಮುಟ್ಟುವ ಅಗತ್ಯವೂ ಇಲ್ಲ. ‘ಲಾಕ್ ಸ್ಕ್ರೀನ್’ ಸೆಟ್ಟಿಂಗ್‌ನಲ್ಲಿ ಸ್ಕ್ರೀನ್ ಸೇವರ್ ಶುರುವಾದ ಅಥವಾ ಪರದೆ ಆರಿದ ಎಷ್ಟು ಹೊತ್ತಿನ ನಂತರ ಪಾಸ್‌ವರ್ಡ್ ಕೇಳಬೇಕು ಎಂಬ ಸಾಲಿದೆ. ಅಲ್ಲಿ ‘ನೆವರ್’ ಎಂದೋ, ಇನ್ನೂ ವಿವೇಕದಿಂದ ಕೆಲವು ಗಂಟೆ ಎಂದೋ ಇಟ್ಟರೆ ದಿನನಿತ್ಯದ ತೊಂದರೆ ಮುಗಿಯಿತು.

ಲಿನಕ್ಸ್

ಉಬುಂಟುವಿನಲ್ಲಿ ‘ಸೆಟ್ಟಿಂಗ್ಸ್’ನೊಳಗೆ ‘ಸಿಸ್ಟಮ್’, ಅದರೊಳಗೆ ‘ಯೂಸರ್ಸ್’. ಹಳೆಯ ಆವೃತ್ತಿಗಳಲ್ಲಿ ‘ಯೂಸರ್ಸ್’ ನೇರವಾಗಿ ಕಾಣುತ್ತದೆ. ‘ಅನ್‌ಲಾಕ್’ ಒತ್ತಿ ಪಾಸ್‌ವರ್ಡ್ ಕೊಟ್ಟು ‘ಆಟೋಮ್ಯಾಟಿಕ್ ಲಾಗಿನ್’ ಆನ್ ಮಾಡಿ. ಲಿನಕ್ಸ್ ಮಿಂಟ್‌ನಲ್ಲಿ ‘ಲಾಗಿನ್ ವಿಂಡೋ’ ಎಂಬ ಉಪಕರಣದ ‘ಯೂಸರ್ಸ್’ ಹಾಳೆಯಲ್ಲಿ ಹೆಸರು ಬರೆಯಬೇಕು. ಕೆಡಿಇ ಬಳಸುವವರಿಗೆ ‘ಸಿಸ್ಟಮ್ ಸೆಟ್ಟಿಂಗ್ಸ್’ನ ‘ಲಾಗಿನ್ ಸ್ಕ್ರೀನ್’ನಲ್ಲಿ ಇದು ಸಿಗುತ್ತದೆ. ಪರದೆ ಬೀಗ ಹಾಕಿಕೊಳ್ಳುವುದನ್ನು ನಿಲ್ಲಿಸಲು ಉಬುಂಟುವಿನ ‘ಪ್ರೈವಸಿ ಅಂಡ್ ಸೆಕ್ಯುರಿಟಿ’ಯೊಳಗಿನ ‘ಸ್ಕ್ರೀನ್ ಲಾಕ್’ ನೋಡಿ. ತಂತ್ರಾಂಶ ಹಾಕುವಾಗ ಪಾಸ್‌ವರ್ಡ್ ಕೇಳುವುದು ಇಲ್ಲಿ ನಿಲ್ಲುವುದಿಲ್ಲ, ನಿಲ್ಲಬಾರದು ಕೂಡ.

ಲಿನಕ್ಸ್‌ನಲ್ಲಿ ಜನರನ್ನು ಕಂಗೆಡಿಸುವುದು ಇದರ ಮುಂದಿನ ಹಂತ. ಯಂತ್ರ ತಾನಾಗಿ ತೆರೆದುಕೊಂಡಿತು ಎಂದು ಖುಷಿಯಿಂದ ಕ್ರೋಮ್ ಬ್ರೌಸರ್ ತೆರೆದರೆ, ‘ಲಾಗಿನ್ ಕೀರಿಂಗ್ ತೆರೆದಿಲ್ಲ, ಪಾಸ್‌ವರ್ಡ್ ಕೊಡಿ’ ಎಂಬರ್ಥದ ಕಿಟಕಿ ಧುತ್ತೆಂದು ಎದುರಾಗುತ್ತದೆ. ಕೀರಿಂಗ್ ಎಂಬುದು ಬ್ರೌಸರ್, ಇಮೇಲ್ ಮುಂತಾದವು ತಮ್ಮ ಗುಪ್ತಪದಗಳನ್ನು ಇಟ್ಟುಕೊಳ್ಳುವ ಪೆಟ್ಟಿಗೆ. ನೀವು ಲಾಗಿನ್ ಆಗುವಾಗ ಒತ್ತುವ ಪಾಸ್‌ವರ್ಡಿನಿಂದಲೇ ಅದೂ ತೆರೆದುಕೊಳ್ಳುತ್ತಿತ್ತು. ಈಗ ನೀವು ಏನನ್ನೂ ಒತ್ತಿಲ್ಲವಾದ್ದರಿಂದ ಪೆಟ್ಟಿಗೆ ಮುಚ್ಚಿಯೇ ಇದೆ. ‘ಪಾಸ್‌ವರ್ಡ್ಸ್ ಅಂಡ್ ಕೀಸ್’ ಎಂಬ ತಂತ್ರಾಂಶದಲ್ಲಿ ‘ಲಾಗಿನ್’ ಮೇಲೆ ಬಲಗುಂಡಿ ಒತ್ತಿ, ‘ಚೇಂಜ್ ಪಾಸ್‌ವರ್ಡ್’ ಆರಿಸಿ, ಹೊಸದನ್ನು ಖಾಲಿ ಬಿಟ್ಟರೆ ಆ ಕಿಟಕಿ ಮತ್ತೆ ಬರುವುದಿಲ್ಲ. ಅದಕ್ಕೆ ತೆರುವ ಬೆಲೆಯೆಂದರೆ ಪೆಟ್ಟಿಗೆಯಲ್ಲಿರುವುದೆಲ್ಲ ಮುಸುಕಿಲ್ಲದೆ ಡಿಸ್ಕಿನಲ್ಲಿ ಉಳಿಯುತ್ತದೆ. ಡಿಸ್ಕ್ ಪೂರ್ತಿ ಗೂಢಲಿಪೀಕರಣವಾಗಿದ್ದರೆ ನಿಶ್ಚಿಂತೆಯಿಂದ ಖಾಲಿ ಬಿಡಿ. ಇಲ್ಲವಾದರೆ ಲಾಗಿನ್ ಆದ ಮೇಲೆ ಒಮ್ಮೆ ಪಾಸ್‌ವರ್ಡ್ ಒತ್ತುವ ಶ್ರಮವನ್ನು ಸಹಿಸಿಕೊಳ್ಳುವುದೇ ಲೇಸು.

ಒಳಗಿನ ಬೀಗಗಳು

ಹೊರಬಾಗಿಲು ತೆರೆದಿಟ್ಟ ಮೇಲೆ ಒಳಗೆ ಬೆಲೆಬಾಳುವ ವಸ್ತುಗಳಿಗೆ ಬೇರೆ ಬೀಗ ಬೇಕು. ಕಂಪ್ಯೂಟರಿನಲ್ಲಿ ಅತಿ ಬೆಲೆಬಾಳುವುದು ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳು. ಫೈರ್‌ಫಾಕ್ಸ್ ಆದರೆ ‘ಪ್ರೈವಸಿ ಅಂಡ್ ಸೆಕ್ಯುರಿಟಿ’ಯಲ್ಲಿ ‘ಪ್ರೈಮರಿ ಪಾಸ್‌ವರ್ಡ್’ ಇಡಿ. ಉಳಿಸಿದ ಪಾಸ್‌ವರ್ಡುಗಳು ಬೇಕಾದಾಗ ಅದನ್ನು ಮೊದಲು ಕೇಳುತ್ತದೆ. ವಿಂಡೋಸ್‌ನ ಕ್ರೋಮ್‌ನಲ್ಲಿ ಪಾಸ್‌ವರ್ಡ್ ಮ್ಯಾನೇಜರಿನ ಸೆಟ್ಟಿಂಗ್‌ಗೆ ಹೋಗಿ, ಪಾಸ್‌ವರ್ಡ್ ತುಂಬುವಾಗ ವಿಂಡೋಸ್ ಹಲೋ ಕೇಳಬೇಕು ಎಂಬುದನ್ನು ಆನ್ ಮಾಡಿ. ಸ್ವಯಂ ಲಾಗಿನ್ ಬಂದ ಮೇಲೂ ಪಿನ್ ತೆಗೆಯದೆ ಇಟ್ಟುಕೊಳ್ಳಲು ಇದು ಸಾಕಷ್ಟು ಒಳ್ಳೆಯ ಕಾರಣ. ಯಂತ್ರ ಸುಮ್ಮನೆ ತೆರೆಯುತ್ತದೆ, ಬ್ಯಾಂಕಿನ ಪಾಸ್‌ವರ್ಡ್ ತುಂಬುವಾಗ ಮಾತ್ರ ಪಿನ್ ಕೇಳುತ್ತದೆ. ಮುಖ್ಯ ಇಮೇಲ್ ಖಾತೆಗೆ ಎರಡು ಹಂತದ ದೃಢೀಕರಣವನ್ನೂ ಹಾಕಿಡಿ.

ಮೈಕ್ರೋಸಾಫ್ಟ್ ಖಾತೆಯ ಪಾಸ್‌ವರ್ಡನ್ನು ಎಂದಾದರೂ ಬದಲಿಸಿದರೆ ಸ್ವಯಂ ಲಾಗಿನ್ ನಿಂತುಹೋಗುತ್ತದೆ, ಏಕೆಂದರೆ ಯಂತ್ರದ ಬಳಿ ಇರುವುದು ಹಳೆಯದು. ನೆಟ್‌ಪಿಎಲ್‌ವಿಜ್‌ನಲ್ಲಿ ಹೊಸದನ್ನು ಮತ್ತೊಮ್ಮೆ ತುಂಬಿ, ಕಾಗದದಲ್ಲೂ ತಿದ್ದಿಕೊಳ್ಳಿ.

ಹಿಂದಿನ ಸ್ಥಿತಿಗೆ ಮರಳುವುದು

ಕಂಪ್ಯೂಟರನ್ನು ರಿಪೇರಿಗೆ ಕೊಡುವಾಗ, ಮನೆ ಬದಲಿಸುವಾಗ, ಬಹಳ ದಿನ ಊರಿಗೆ ಹೋಗುವಾಗ ಸ್ವಯಂ ಲಾಗಿನ್ ತೆಗೆದುಬಿಡಿ. ವಿಂಡೋಸ್‌ನಲ್ಲಿ ನೆಟ್‌ಪಿಎಲ್‌ವಿಜ್ ತೆರೆದು ಅದೇ ಟಿಕ್ ಮತ್ತೆ ಹಾಕಿ, ಆಟೋಲಾಗಾನ್ ಬಳಸಿದ್ದರೆ ‘ಡಿಸೇಬಲ್’ ಒತ್ತಿ. ಮ್ಯಾಕ್‌ನಲ್ಲಿ ಸ್ವಯಂ ಲಾಗಿನ್ ‘ಆಫ್’ ಮಾಡಿ ಫೈಲ್‌ವಾಲ್ಟ್ ಮತ್ತೆ ಆನ್ ಮಾಡಿ, ಉಬುಂಟುವಿನಲ್ಲಿ ಗುಂಡಿಯನ್ನು ಹಿಂದಕ್ಕೆ ಸರಿಸಿ, ಕೀರಿಂಗ್ ಖಾಲಿ ಬಿಟ್ಟಿದ್ದರೆ ಅದಕ್ಕೂ ಪಾಸ್‌ವರ್ಡ್ ಕೊಡಿ. ನಿದ್ದೆಯಿಂದ ಎದ್ದಾಗ ಕೇಳುವ ಸೆಟ್ಟಿಂಗ್ ಬೇರೆಯಾದ್ದರಿಂದ ಅದನ್ನೂ ‘ನೆವರ್’ನಿಂದ ಬದಲಿಸಬೇಕು. ನಂತರ ಯಂತ್ರವನ್ನು ಪೂರ್ತಿ ಆಫ್ ಮಾಡಿ, ಮತ್ತೆ ಆನ್ ಮಾಡಿ, ಪಾಸ್‌ವರ್ಡ್ ಕೇಳುತ್ತಿದೆಯೇ ಎಂದು ಕಣ್ಣಾರೆ ನೋಡಿ. ಒಮ್ಮೆ ನಿದ್ರಾಸ್ಥಿತಿಗೆ ಕಳಿಸಿ ಎಬ್ಬಿಸಿಯೂ ನೋಡಿ. ಎರಡರಲ್ಲೂ ಕೇಳಿದರೆ ಮಾತ್ರ ಅದನ್ನು ಬೇರೆಯವರ ಕೈಗೆ ಕೊಡಿ.